ಗ್ಯಾಸ್ಟ್ರಿಕ್ ಅಂದುಕೊಂಡ ನೋವು ಪಿತ್ತಕೋಶದ್ದಾಗಿದ್ದರೆ: ಗುರುತು ಹಿಡಿಯುವುದು ಹೇಗೆ, ಆಸ್ಪತ್ರೆಗೆ ಹೊರಡುವುದು ಯಾವಾಗ

ನಮ್ಮ ಕೋಲಾರದ ಕಡೆ ಹೊಟ್ಟೆಯ ಮೇಲ್ಭಾಗದಲ್ಲಿ ಏನಾದರೂ ಅದಕ್ಕೆ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಸಾಕು, ಮಾತ್ರೆ ಕೈಗೆ ಬರುತ್ತದೆ. ನನ್ನ ಅಕ್ಕ ಎರಡು ವರ್ಷ ಈ ಮಾತ್ರೆ ನುಂಗಿದಳು. ನುಂಗು ಎಂದು ಹೇಳಿದವರಲ್ಲಿ ನಾನೂ ಒಬ್ಬಳು. ಅದೂ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್ ಆಗಿ ದಿನಾ ಪಿತ್ತಕೋಶದ ರೋಗಿಗಳನ್ನು ನೋಡುತ್ತಿದ್ದವಳು. ಈ ಲೇಖನ ಬರೆಯಲು ಅದೇ ಕಾರಣ.

ಅಕ್ಕ ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು. ಎರಡು ಸೀಮೆಹಸು, ಸ್ವಲ್ಪ ಮಾವಿನ ತೋಪು. ಹುಲ್ಲು ಹೊತ್ತು ಹೊತ್ತು ಸವೆದ ತೆಳ್ಳನೆಯ ಮೈ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಊಟ ಮುಗಿಸಿ, ಉಳಿದ ಮಾಂಸದ ಸಾರನ್ನೇ ರಾತ್ರಿಯೂ ಮುದ್ದೆಗೆ ಹಾಕಿಕೊಂಡು ಉಂಡಿದ್ದಳು. ಹನ್ನೊಂದು ಗಂಟೆಗೆ ಫೋನ್ ಬಂತು. "ತಡ್ಕೊಳೋಕಾಗ್ತಿಲ್ಲ ಕಣೇ. ಪಕ್ಕೆಲುಬಿನ ಕೆಳಗಿಂದ ಬೆನ್ನಿಗೆ ಗೂಟ ಹೊಡ್ದಂಗೆ ಆಗ್ತಿದೆ." ನಾನು ನೈಟ್ ಡ್ಯೂಟಿಯಲ್ಲಿದ್ದೆ. "ಮಾಂಸ ಜಾಸ್ತಿ ತಿಂದಿದ್ದೀಯ ಅಕ್ಕ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಕ್ಕೋ" ಅಂದೆ. ಅವಳು ಸೋಡಾ ಕುಡಿದಳು, ಜೀರಿಗೆ ಕಷಾಯ ಕುಡಿದಳು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಕೊಂಡಳು. ಬೆಳಗಿನ ಜಾವ ಮೂರು ಗಂಟೆಗೆ ನೋವು ತಾನಾಗಿಯೇ ಇಳಿಯಿತು. ಐದಕ್ಕೆ ಎದ್ದು ಹಾಲು ಕರೆದಳು. ನೋವು ಹೋಯಿತಲ್ಲ, ಹಾಗಾಗಿ ಮಾತ್ರೆ ಕೆಲಸ ಮಾಡಿತು ಎಂದು ನಾವೆಲ್ಲ ನಂಬಿದೆವು.

ಅಂದು ನಾನು ಅವಳನ್ನು ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನೋವು ಶುರುವಾದದ್ದು ಎಷ್ಟು ಗಂಟೆಗೆ? ಊಟವಾಗಿ ಎಷ್ಟು ಹೊತ್ತಾಗಿತ್ತು? ಇಳಿದದ್ದು ಎಷ್ಟು ಗಂಟೆಗೆ?

ಪಿತ್ತಕೋಶ ಅಂದರೆ ಏನು

ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರಿಗೆ ಅಂಟಿಕೊಂಡಂತೆ ಒಂದು ಸಣ್ಣ ಚೀಲ ಇದೆ. ಚಿಕ್ಕ ಬದನೆಕಾಯಿಯ ಆಕಾರ, ಹಿಡಿಸುವುದು 30ರಿಂದ 50 ಮಿಲಿಲೀಟರ್. ಪಿತ್ತರಸವನ್ನು ಮಾಡುವುದು ಲಿವರು. ಈ ಚೀಲ ಅದನ್ನು ಕೂಡಿಟ್ಟು ಗಟ್ಟಿ ಮಾಡುತ್ತದೆ. ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಹೊಟ್ಟೆ ದಾಟಿ ಸಣ್ಣ ಕರುಳಿಗೆ ಇಳಿದಾಗ ಚೀಲ ಹಿಂಡಿಕೊಂಡು ರಸವನ್ನು ನಾಳದ ಮೂಲಕ ಕರುಳಿಗೆ ಬಿಡುತ್ತದೆ. ರಸದಲ್ಲಿರುವ ಕೊಲೆಸ್ಟರಾಲ್ ಹೆಚ್ಚಾಗಿ ಹರಳುಗಟ್ಟಿದರೆ, ಇಲ್ಲವೇ ಚೀಲ ಸರಿಯಾಗಿ ಖಾಲಿಯಾಗದಿದ್ದರೆ ಕಲ್ಲು ಕಟ್ಟುತ್ತದೆ. ಕಲ್ಲು ಚೀಲದ ಬಾಯಿಗೆ ಬಂದು ಕೂತಾಗ ಹಿಂಡುವ ಚೀಲಕ್ಕೆ ದಾರಿ ಇರುವುದಿಲ್ಲ. ಆಗ ನೋವು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಬೆಳಿಗ್ಗೆ ಹಳದಿ ನೀರು ವಾಂತಿಯಾದರೆ, ಕಾಫಿ ಕುಡಿದು ತಲೆ ತಿರುಗಿದರೆ ನಾವು "ಪಿತ್ತ ಜಾಸ್ತಿಯಾಗಿದೆ" ಅನ್ನುತ್ತೇವೆ. ಆ ಮಾತಿಗೂ ಪಿತ್ತಕೋಶದ ಕಾಯಿಲೆಗೂ ನೇರ ಸಂಬಂಧ ಇಲ್ಲ. "ನನಗೆ ಮೊದಲಿಂದ ಪಿತ್ತದ ಮೈ" ಎಂದು ಹೇಳುವವರಿಗೆಲ್ಲ ಕಲ್ಲಿರುವುದಿಲ್ಲ. ಕಲ್ಲಿರುವ ಎಷ್ಟೋ ಜನಕ್ಕೆ ಆ ತೊಂದರೆ ಯಾವುದೂ ಇರುವುದಿಲ್ಲ.

ನೋವು ಬಂದಾಗ ಗಡಿಯಾರ ನೋಡಿ

ಪಿತ್ತಕೋಶದ ನೋವಿಗೆ ತನ್ನದೇ ಆದ ನಡಿಗೆ ಇದೆ. ಎಣ್ಣೆ-ತುಪ್ಪದ ಊಟವಾಗಿ ಒಂದೆರಡು ಗಂಟೆಗೆ, ಬಹಳ ಸಲ ರಾತ್ರಿ ಮಲಗಿದ ಮೇಲೆ ಶುರುವಾಗುತ್ತದೆ. ಪ್ರತಿಸಲವೂ ಊಟದ ಮೇಲೆಯೇ ಬರಬೇಕೆಂದೇನಿಲ್ಲ. ಜಾಗ ಎರಡು: ಎದೆಗೂಡಿನ ಕೆಳಗೆ ನಡುಮಧ್ಯ, ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ. ಅಲ್ಲಿಂದ ಬೆನ್ನಿಗೆ, ಬಲ ಹೆಗಲಿನ ಮೂಳೆಯ ಕೆಳಗೆ ಹರಿಯುತ್ತದೆ. ಕೆಲವೇ ನಿಮಿಷದಲ್ಲಿ ಏರಿ, ಏರಿದ ಮೇಲೆ ಒಂದೇ ಸಮನೆ ನಿಲ್ಲುತ್ತದೆ. ಬಂದು ಹೋಗಿ ಮಾಡುವುದಿಲ್ಲ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ ಇದ್ದು, ಕಲ್ಲು ಬಾಯಿಂದ ಹಿಂದಕ್ಕೆ ಸರಿದಾಗ ತಾನಾಗಿ ಇಳಿಯುತ್ತದೆ. ಜೊತೆಗೆ ವಾಕರಿಕೆ, ವಾಂತಿ, ಬೆವರು.

ತೇಗು ಬಂದರೆ, ಗಾಳಿ ಹೋದರೆ, ಮಗ್ಗುಲು ಬದಲಿಸಿದರೆ, ಈನೋ ಕುಡಿದರೆ ಈ ನೋವು ಕಡಿಮೆಯಾಗುವುದಿಲ್ಲ. ಗ್ಯಾಸ್ಟ್ರಿಕ್ಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಹುಳಿ ಮೇಲೆ ಬಂದು ಆಗುವ ಎದೆಯುರಿ ಉರಿಯುತ್ತದೆ, ಬಾಯಿಗೆ ಹುಳಿನೀರು ಬರುತ್ತದೆ, ಮಾತ್ರೆಗೆ ಬಗ್ಗುತ್ತದೆ. ಪಿತ್ತಕೋಶದ್ದು ಒಳಗಿನಿಂದ ಹಿಂಡುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ, ತನ್ನ ಹೊತ್ತು ಮುಗಿದಾಗ ಹೋಗುತ್ತದೆ. ಹೋಗುವ ಹೊತ್ತಿಗೆ ನಾವು ನುಂಗಿರುವ ಮಾತ್ರೆಗೆ ಹೆಸರು ಬರುತ್ತದೆ.

ಮನೆಯಲ್ಲಿ ಯಾರಿಗಾದರೂ ಇಂಥ ನೋವು ಎರಡನೇ ಸಲ ಬಂದರೆ ಒಂದು ಕೆಲಸ ಮಾಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದೇ ಚೌಕದಲ್ಲಿ ಬರೆಯಿರಿ: "ರಾತ್ರಿ 8 ಊಟ, ಅವರೆಬೇಳೆ ಸಾರು. 10.30ಕ್ಕೆ ನೋವು. 1.30ಕ್ಕೆ ಇಳಿಯಿತು. ವಾಂತಿ 2 ಸಲ. ಜ್ವರ ಇಲ್ಲ." ಮೂರು ಸಲದ ಬರಹ ಇದ್ದರೆ ಡಾಕ್ಟರಿಗೆ ಅರ್ಧ ಕಾಯಿಲೆ ಅದರಲ್ಲೇ ಸಿಗುತ್ತದೆ. "ಆವಾಗವಾಗ ಹೊಟ್ಟೆನೋವು ಸಾರ್" ಎಂದರೆ ಗ್ಯಾಸ್ಟ್ರಿಕ್ ಮಾತ್ರೆಯೇ ಸಿಗುವುದು. ಅವರದು ತಪ್ಪೆಂದು ಹೇಳಲಾರೆ, ನಾವು ಹೇಳಿದ್ದೇ ಅಷ್ಟು.

ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಈ ನೋವಿನವರನ್ನು ನಾನು ಹೆಚ್ಚಾಗಿ ನೋಡಿದ ನೆನಪಿದೆ. ಅವರೆಯ ಮೇಲೆ ತಪ್ಪು ಹೊರಿಸಬೇಡಿ. ಹಿತಕಿದ ಬೇಳೆ ಸಾರಿನ ಮೇಲೆ ತೇಲುವ ಎಣ್ಣೆ, ಜೊತೆಗೆ ಕರಿದ ಅವರೆಬೇಳೆ. ಚೀಲವನ್ನು ಜೋರಾಗಿ ಹಿಂಡಿಸುವುದು ಅದು.

ಯಾರಿಗೆ ಬರುತ್ತದೆ

ಪುಸ್ತಕದಲ್ಲಿ ನಲವತ್ತು ದಾಟಿದ ದಪ್ಪ ಮೈಯ ಹೆಂಗಸು ಎಂದಿರುತ್ತದೆ. ಹೆಂಗಸರಲ್ಲಿ ಹೆಚ್ಚು, ನಿಜ. ತೂಕ ಹೆಚ್ಚಿದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ತಾಯಿಗೋ ಅಕ್ಕತಂಗಿಗೋ ಕಲ್ಲಿದ್ದವರಿಗೆ ಸಾಧ್ಯತೆ ಹೆಚ್ಚು ಎಂಬುದೂ ನಿಜ. ಆದರೆ ನನ್ನ ಅಕ್ಕನ ಮೈಯಲ್ಲಿ ಕೊಬ್ಬೇ ಇರಲಿಲ್ಲ. ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎತ್ತುವ ಇಪ್ಪತ್ತೈದರ ಹುಡುಗರನ್ನೂ ನಮ್ಮ ವಾರ್ಡಿನಲ್ಲಿ ನೋಡಿದ್ದೇನೆ. ಮೈ ನೋಡಿ "ಇವಳಿಗೆಲ್ಲಿ ಕಲ್ಲು" ಅನ್ನಬೇಡಿ. ದಿಢೀರನೆ ತೂಕ ಇಳಿಸುವವರಿಗೆ, ದಿನಗಟ್ಟಲೆ ಉಪವಾಸ ಇರುವವರಿಗೂ ಕಲ್ಲು ಕಟ್ಟುತ್ತದೆ. ತೂಕ ಇಳಿಸಬೇಕಿದ್ದರೆ ವಾರಕ್ಕೆ ಅರ್ಧದಿಂದ ಒಂದು ಕಿಲೋ, ಅದಕ್ಕಿಂತ ಅವಸರ ಬೇಡ.

ಬಾಣಂತಿಯರ ಬಗ್ಗೆ ವಿಶೇಷವಾಗಿ ಹೇಳಬೇಕು. ಬಸುರಿನಲ್ಲಿ ಹಾರ್ಮೋನಿನ ಕಾರಣಕ್ಕೆ ಚೀಲ ನಿಧಾನವಾಗುತ್ತದೆ, ರಸ ಮಡ್ಡಿಗಟ್ಟುತ್ತದೆ, ಕೆಲವರಿಗೆ ಕಲ್ಲೂ ಆಗುತ್ತದೆ. ಹೆರಿಗೆಯಾದ ಮೇಲೆ ನಾವು ಪ್ರೀತಿಯಿಂದ ತುಪ್ಪ ಸುರಿದು ಸುರಿದು ಬಡಿಸುತ್ತೇವೆ. ಆಗ ನೋವು ಬಂದರೆ "ಬಾಣಂತಿಗೆ ವಾಯು ಹಿಡಿದಿದೆ, ಶೀತ ಆಗಿದೆ" ಎಂದು ಇನ್ನೂ ಎರಡು ಚಮಚ ತುಪ್ಪ, ಇನ್ನೂ ಒಂದು ಲೋಟ ಕಷಾಯ. ಮಗುವಿಗೆ ಎರಡು ತಿಂಗಳಾಗಿದ್ದ ತಾಯಿಯೊಬ್ಬಳನ್ನು ಅವಳ ಅತ್ತೆ ಆಟೋದಲ್ಲಿ ಕರೆತಂದರು. ಅದು ಅವಳಿಗೆ ಆರನೇ ಸಲ. "ನಾನೇ ತಿನ್ನಿಸಿ ತಿನ್ನಿಸಿ ಹಿಂಗೆ ಮಾಡ್ದೆನಾ ಸಿಸ್ಟರಮ್ಮಾ?" ಎಂದು ಆ ಅತ್ತೆ ಅತ್ತದ್ದು ಮರೆತಿಲ್ಲ. ನೀವು ಮಾಡಿದ್ದಲ್ಲಮ್ಮ, ಕಲ್ಲು ಮೊದಲೇ ಇತ್ತು, ತುಪ್ಪ ಅದನ್ನು ತೋರಿಸಿಕೊಟ್ಟಿತು ಎಂದೆ. ಬಾಣಂತಿಗೆ ಮೇಲುಹೊಟ್ಟೆಯ ನೋವು ಎರಡು ಸಲ ಬಂದರೆ ಸ್ಕ್ಯಾನ್ ಮಾಡಿಸಿ. ಬಸುರಿಗೆ ಐದು ತಿಂಗಳು ದಾಟಿದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ತಲೆನೋವು, ಕಣ್ಣು ಮಂಜು ಬಂದರೆ ಕಲ್ಲಿನ ಯೋಚನೆಗೂ ಮೊದಲು ಆ ಗಳಿಗೆಯಲ್ಲೇ ಬಿಪಿ ನೋಡಿಸಿ. ಅದು ಬಸುರಿನ ಬಿಪಿ ಏರಿ ಲಿವರಿಗೆ ತೊಂದರೆಯಾಗಿರುವ ಗುರುತಾಗಿರಬಹುದು.

ಪಿತ್ತಕೋಶದ್ದಲ್ಲದ ನೋವುಗಳು

ಎಲ್ಲಕ್ಕಿಂತ ಮೊದಲು ಹೃದಯ. ಕೆಲವರಿಗೆ ಹಾರ್ಟ್ ಅಟ್ಯಾಕ್ ಹೊಟ್ಟೆಯ ಮೇಲ್ಭಾಗದ ನೋವಾಗಿಯೇ ಬರುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಮತ್ತು ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಎದೆ ಬಿಗಿತ, ತಣ್ಣನೆಯ ಬೆವರು, ಉಸಿರು ಕಟ್ಟುವುದು, ದವಡೆಗೋ ಎಡಗೈಗೋ ಹರಿಯುವ ನೋವು, ನಾಲ್ಕು ಹೆಜ್ಜೆ ನಡೆದರೆ ಜಾಸ್ತಿಯಾಗುವುದು, ಇವುಗಳಲ್ಲಿ ಯಾವುದಿದ್ದರೂ ಇದು ಕಲ್ಲೋ ಗ್ಯಾಸೋ ಎಂದು ಮನೆಯಲ್ಲಿ ಚರ್ಚೆ ಬೇಡ. ತಕ್ಷಣ ಇಸಿಜಿ ಮಾಡಿಸಿ. ನಲವತ್ತು ದಾಟಿದ ಯಾರಿಗಾದರೂ ಇಂಥ ನೋವು ಮೊದಲ ಸಲ ಬಂದಿದ್ದರೆ "ಒಂದು ಇಸಿಜಿ ತೆಗೆಯಿರಿ" ಎಂದು ನೀವೇ ಕೇಳಿ, ಸಂಕೋಚ ಬೇಡ.

ಮೂತ್ರಪಿಂಡದ ಕಲ್ಲಿನ ನೋವು ಬೇರೆ. ಅದು ಸೊಂಟದ ಪಕ್ಕದಿಂದ ಕೆಳಗೆ ತೊಡೆಸಂದಿಗೆ ಇಳಿಯುತ್ತದೆ, ಅಲೆ ಅಲೆಯಾಗಿ ಬರುತ್ತದೆ, ಉಚ್ಚೆ ಉರಿಯುತ್ತದೆ ಅಥವಾ ಕೆಂಪಗಾಗುತ್ತದೆ. ಅಪೆಂಡಿಕ್ಸ್ ಹೊಕ್ಕುಳಿನ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಹೋಗಿ ಕೂರುತ್ತದೆ.

ಕಾಯಬಾರದ ಹೊತ್ತು

ತಾನಾಗಿ ಪೂರ್ತಿ ಇಳಿದುಹೋದ ನೋವಿಗೆ ನಾಳೆ ನಾಡಿದ್ದು ಡಾಕ್ಟರನ್ನು ನೋಡಬಹುದು. ಈಗ ಹೇಳುವವಕ್ಕೆ ನಾಳೆ ಇಲ್ಲ.

ನೋವು ಐದಾರು ಗಂಟೆಯಾದರೂ ಇಳಿಯದೆ ಜ್ವರ ಬಂದು, ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಉಸಿರು ಎಳೆದುಕೊಳ್ಳಿ ಎಂದಾಗ ಅರ್ಧಕ್ಕೇ ಉಸಿರು ನಿಲ್ಲುವಷ್ಟು ನೋಯುತ್ತಿದ್ದರೆ, ಚೀಲಕ್ಕೆ ಉರಿಯೂತ ಬಂದಿದೆ ಎಂದು ತಿಳಿಯಿರಿ. ನಮ್ಮದು ಹಳ್ಳಿ, ರಾತ್ರಿ ಗಾಡಿ ಸಿಗುವುದೇ ಕಷ್ಟ. ಆದ್ದರಿಂದ ಆರು ಗಂಟೆ ತುಂಬಲಿ ಎಂದು ಕೂರಬೇಡಿ. ಎರಡು ಗಂಟೆಯಾದರೂ ನೋವು ಇಳಿಯುವ ಲಕ್ಷಣ ಇಲ್ಲದಿದ್ದರೆ ಹೊರಡುವ ಸಿದ್ಧತೆ ಮಾಡಿ.

ನೋವು ಮೇಲುಹೊಟ್ಟೆಯಿಂದ ಬೆನ್ನಿಗೆ ಸೀಳಿಕೊಂಡು ಹೋಗುವಂತಿದ್ದು, ಮಲಗಲಾಗದೆ ಮುಂದಕ್ಕೆ ಬಾಗಿ ಕೂತರೆ ಮಾತ್ರ ಸ್ವಲ್ಪ ತಾಳಬಹುದು ಎನ್ನಿಸಿ, ವಾಂತಿ ನಿಲ್ಲದಿದ್ದರೆ, ಸಣ್ಣ ಕಲ್ಲೊಂದು ಜಾರಿ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ದಾರಿಯನ್ನೂ ಕಟ್ಟಿರಬಹುದು. ಇದಕ್ಕೆ ಆಸ್ಪತ್ರೆಯಲ್ಲಿ ದಾಖಲಾಗಲೇಬೇಕು, ಕೆಲವರಿಗೆ ಐಸಿಯು ಬೇಕಾಗುತ್ತದೆ.

ಮೂರನೆಯದು ನಮ್ಮ ಮನೆಗೆ ಬಂದದ್ದು: ನೋವು, ಮೈ ನಡುಗಿಸಿ ಬರುವ ಚಳಿಜ್ವರ, ಕಣ್ಣು ಹಳದಿ. ಈ ಮೂರೂ ಸೇರಿದರೆ ಕಲ್ಲು ಪಿತ್ತನಾಳದಲ್ಲಿ ಕೂತಿದೆ, ನಿಂತ ರಸದಲ್ಲಿ ಸೋಂಕು ಬೆಳೆದಿದೆ ಎಂದರ್ಥ. ಸೋಂಕು ರಕ್ತಕ್ಕೆ ಹೋಗಲು ಹೆಚ್ಚು ಹೊತ್ತು ಬೇಡ. ಮಾತು ತೊದಲಿದರೆ, ಮಂಕಾದರೆ, ಬಿಪಿ ಬಿದ್ದರೆ ಗಂಟೆಗಳ ಲೆಕ್ಕ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಜೋರಾಗಿ ಕಾಣದೆಯೂ ಇರಬಹುದು. ಅಜ್ಜಿ ಬರೀ ಊಟ ಬಿಟ್ಟು ಮೂಲೆಯಲ್ಲಿ ಮುದುಡಿಕೊಂಡು ನಡುಗುತ್ತಿದ್ದರೂ ಅನುಮಾನ ಪಡಿ.

ಈ ಮೂರರಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ. ಹೊರಡುವ ಮೊದಲು ಊಟ, ಹಾಲು, ಎಳನೀರು ಏನೂ ಕೊಡಬೇಡಿ. ತುರ್ತಾಗಿ ಆಪರೇಷನ್ನೋ ಎಂಡೋಸ್ಕೋಪಿಯೋ ಆಗಬೇಕಾದರೆ ಹೊಟ್ಟೆ ಖಾಲಿ ಇರಬೇಕು. ದಿನಾ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಬಾಟಲ್ ಹಾಕಿಸಿಕೊಂಡು ಬರೋಣ ಎಂದು ದಾರಿಯ ಕ್ಲಿನಿಕ್ಕಿಗೆ ಹೋಗಿ ಎರಡು ಗಂಟೆ ಕಳೆಯಬೇಡಿ. ಸರ್ಜನ್, ಸ್ಕ್ಯಾನಿಂಗ್, ರಕ್ತಪರೀಕ್ಷೆ ಮೂರೂ ಒಂದೇ ಕಡೆ ಇರುವಲ್ಲಿಗೆ ಹೋಗಿ. ನಮಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿ ನೋಡಿ ಮುಂದಕ್ಕೆ ಬೆಂಗಳೂರಿಗೆ ಕಳಿಸಬೇಕಾದರೆ ಅವರೇ ಹೇಳುತ್ತಾರೆ.

ಕಾಮಾಲೆ ಮತ್ತು ನಾಟಿ ಔಷಧಿ

ಅಕ್ಕನ ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಹೋಗುವ ಮೊದಲು ಎರಡು ದಿನ ನಾಟಿ ಔಷಧಿ ಕುಡಿಸಿದರು. ಊರಿನವರು ಕೆಟ್ಟದ್ದು ಬಯಸಲಿಲ್ಲ. "ನಮ್ ಹುಡುಗನಿಗೆ ಅಲ್ಲೇ ವಾಸಿಯಾಯ್ತು" ಎಂದು ನೆರೆಮನೆಯವರೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದರು. ಆ ಹುಡುಗನಿಗೆ ವಾಸಿಯಾದದ್ದೂ ನಿಜವೇ. ಕೆಟ್ಟ ನೀರು, ಹೊರಗಿನ ತಿಂಡಿಯಿಂದ ಬರುವ ವೈರಸ್ ಕಾಮಾಲೆ ಬಹುತೇಕ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕುಡಿಸಿದ್ದರೋ ಅವರಿಗೆ ಹೆಸರು. ಕಲ್ಲು ನಾಳವನ್ನು ಕಟ್ಟಿ ಬಂದ ಕಾಮಾಲೆ ಸೊಪ್ಪಿನ ರಸಕ್ಕೆ ಇಳಿಯುವುದಿಲ್ಲ. ಕೈಗೆ ಬರೆ ಹಾಕಿದರೂ, ಕಣ್ಣಿಗೆ ರಸ ಹಿಂಡಿದರೂ, ಪಥ್ಯ ಮಾಡಿದರೂ ಕಲ್ಲು ಅಲ್ಲೇ ಇರುತ್ತದೆ, ಒಳಗೆ ಕೀವು ಬೆಳೆಯುತ್ತದೆ.

ಎರಡನ್ನೂ ಮನೆಯಲ್ಲಿ ಬೇರೆ ಮಾಡಿ ನೋಡಬೇಡಿ, ಅದಕ್ಕೆ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಬೇಕು. ಆದರೆ ನಾಳ ಕಟ್ಟಿರುವ ಅನುಮಾನ ಬರಬೇಕಾದ ಗುರುತುಗಳಿವೆ. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮಲ ಬಣ್ಣ ಕಳೆದುಕೊಂಡು ಜೇಡಿಮಣ್ಣಿನ ಹಾಗಾಗುತ್ತದೆ, ಮೈಯೆಲ್ಲ ತುರಿಕೆ ಬರುತ್ತದೆ. ಕಣ್ಣನ್ನು ಬಲ್ಬಿನ ಬೆಳಕಿನಲ್ಲಿ ನೋಡಬೇಡಿ, ಹಳದಿ ತಿಳಿಯುವುದಿಲ್ಲ. ಬಾಗಿಲಿಗೆ ಕರೆತಂದು, ಬಿಸಿಲ ಬೆಳಕಿನಲ್ಲಿ ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆ ಎತ್ತಿ ಬಿಳಿಭಾಗ ನೋಡಿ. ಅಕ್ಕನ ಕಣ್ಣನ್ನು ನಾನು ಹಾಗೆ ನೋಡಿದ್ದು ಕೊಟ್ಟಿಗೆಯ ಮುಂದೆ. ಅರಿಶಿನ ಕಲಸಿದ ಹಾಲಿನ ಹಾಗಿತ್ತು. ಅವತ್ತೇ ಹೊರಟೆವು.

ನೋವೇ ಇಲ್ಲದೆ ಕಾಮಾಲೆ ನಿಧಾನವಾಗಿ ಏರುತ್ತಾ, ತೂಕ ಇಳಿಯುತ್ತಾ ಹೋಗುತ್ತಿದ್ದರೆ ಅದನ್ನು ಇನ್ನೂ ಹೆಚ್ಚು ಕಾಳಜಿಯಿಂದ ನೋಡಬೇಕು. ನಾಳದಲ್ಲೋ, ಪಿತ್ತಕೋಶದಲ್ಲೋ, ಮೇದೋಜೀರಕದಲ್ಲೋ ಗಡ್ಡೆ ಇರಬಹುದು.

ಸ್ಕ್ಯಾನ್ ಮಾಡಿಸುವುದು, ವರದಿ ಓದುವುದು

ಪಿತ್ತಕೋಶದ ಕಲ್ಲಿಗೆ ಮೊದಲ ಪರೀಕ್ಷೆ ಹೊಟ್ಟೆಯ ಅಲ್ಟ್ರಾಸೌಂಡ್. ಬಸುರಿಗೂ ತೊಂದರೆಯಿಲ್ಲ. ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು, ತಿಂದರೆ ಚೀಲ ಹಿಂಡಿಕೊಂಡು ಕಲ್ಲು ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಹೊತ್ತಿನ ಟೋಕನ್ ತೆಗೆದುಕೊಳ್ಳಿ. "ಬರೀ ಒಂದು ಲೋಟ ಕಾಫಿ ಕುಡಿದೆ" ಎನ್ನುವವರನ್ನು ಮತ್ತೆ ಮಾರನೆಯ ದಿನ ಬರಹೇಳಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಅದನ್ನೇನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಬೇಕು.

ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಅದರ ಕೆಲವು ಪದಗಳನ್ನು ತಿಳಿದಿದ್ದರೆ ಭಯವೂ ಕಡಿಮೆ, ಉದಾಸೀನವೂ ಕಡಿಮೆ. ಕ್ಯಾಲ್ಕ್ಯುಲಸ್, ಕ್ಯಾಲ್ಕ್ಯುಲೈ ಅಂದರೆ ಕಲ್ಲು, ಕಲ್ಲುಗಳು. ಸ್ಲಡ್ಜ್ ಅಂದರೆ ಮಡ್ಡಿ. ವಾಲ್ ಥಿಕನಿಂಗ್ ಅಂದರೆ ಚೀಲದ ಗೋಡೆ ದಪ್ಪಗಾಗಿದೆ. ಸಾಮಾನ್ಯವಾಗಿ 3 ಮಿಲಿಮೀಟರ್ ದಾಟಿದರೆ ಹೀಗೆ ಬರೆಯುತ್ತಾರೆ, ನೋವು ಜ್ವರದ ಜೊತೆ ಇದ್ದರೆ ಉರಿಯೂತದ ಗುರುತು. ಸಿಬಿಡಿ ಅಂದರೆ ಪಿತ್ತರಸ ಕರುಳಿಗೆ ಹೋಗುವ ಮುಖ್ಯ ನಾಳ. ಅದರ ಮುಂದೆ ಡೈಲೇಟೆಡ್ ಎಂದಿದ್ದರೆ ನಾಳ ಹಿಗ್ಗಿದೆ, ಕೆಳಗೆಲ್ಲೋ ಅಡ್ಡಿಯಿರಬಹುದು. ಆ ಒಂದು ಪದಕ್ಕೆ ಬೆರಳಿಟ್ಟು ಡಾಕ್ಟರನ್ನು ಕೇಳಿ. ನಾಳದಲ್ಲಿರುವ ಕಲ್ಲು ಅಲ್ಟ್ರಾಸೌಂಡಿನಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, ಆಗ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ. ರಕ್ತದಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರಿನ ಪರೀಕ್ಷೆ, ಮತ್ತು ಮೇದೋಜೀರಕಕ್ಕೆ ತೊಂದರೆಯಾಗಿದೆಯೇ ಎಂದು ತಿಳಿಯಲು ಲೈಪೇಸ್ ಅಥವಾ ಅಮೈಲೇಸ್ ನೋಡುತ್ತಾರೆ.

"3 ಮಿಲಿಮೀಟರ್ ಕಲ್ಲಂತೆ, ಸಣ್ಣದು" ಎಂದು ಸಮಾಧಾನ ಪಡುವವರಿದ್ದಾರೆ. ಚೀಲದಿಂದ ಜಾರಿ ನಾಳಕ್ಕೆ ಇಳಿಯುವುದು ಸಾಮಾನ್ಯವಾಗಿ ಸಣ್ಣ ಕಲ್ಲೇ. ಗಾತ್ರ ನೋಡಿ ಅಪಾಯ ಅಳೆಯಬೇಡಿ.

ಆಪರೇಷನ್ ಬೇಕೇ, ಬೇಡವೇ

ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿದೆ, ನೋವೇ ಬಂದಿಲ್ಲ ಎಂದಾದರೆ ಸಾಮಾನ್ಯವಾಗಿ ಆಪರೇಷನ್ ಬೇಡ. ಅಂಥ ಸುಮ್ಮನಿರುವ ಕಲ್ಲಿನ 100 ಜನರಲ್ಲಿ ವರ್ಷಕ್ಕೆ 1ರಿಂದ 2 ಜನಕ್ಕೆ ಮಾತ್ರ ತೊಂದರೆ ಶುರುವಾಗುತ್ತದೆ. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, 1 ಸೆಂಟಿಮೀಟರ್ ಮುಟ್ಟಿದ ಪಾಲಿಪ್ (ಚೀಲದ ಒಳಗೋಡೆಯಲ್ಲಿ ಬೆಳೆದ ಗಂಟು), ಗೋಡೆಯಲ್ಲಿ ಸುಣ್ಣಗಟ್ಟಿರುವ ಚೀಲ, ಇವು ಇದ್ದರೆ ಮಾತು ಬೇರೆ. ಮುಂದೆ ಕ್ಯಾನ್ಸರಾಗುವ ಭಯದಿಂದ ತೆಗೆಯಲು ಹೇಳುತ್ತಾರೆ. ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ. ಬರೀ ಹೊಟ್ಟೆಯುಬ್ಬರ, ತೇಗು, ಮಲಬದ್ಧತೆಗೆ ಸ್ಕ್ಯಾನ್ ಮಾಡಿಸಿ ಕಲ್ಲು ಕಂಡಿತೆಂದು ಚೀಲ ತೆಗೆಸಿದರೆ ಆ ಉಬ್ಬರ ಹಾಗೇ ಉಳಿಯಬಹುದು. ಯಾವ ತೊಂದರೆಗೆ ಆಪರೇಷನ್ ಎಂದು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ.

ಒಮ್ಮೆ ಸರಿಯಾದ ಪಿತ್ತಕೋಶದ ನೋವು ಬಂದು ಕಲ್ಲೂ ಕಂಡಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಮುಂದೂಡಬೇಡಿ. ಒಮ್ಮೆ ಬಂದವರಿಗೆ ಮತ್ತೆ ಬರುತ್ತದೆ. ಮಾವು ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಕಾದವರು ಜ್ವರ ಹಿಡಿದ ಚೀಲದೊಂದಿಗೆ ನಡುರಾತ್ರಿ ಬರುತ್ತಾರೆ. ಚೀಲ ಉರಿಯೂತದಿಂದ ಬಾತಿರುವಾಗ ಆಪರೇಷನ್ ಕಷ್ಟ, ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಶುರು ಮಾಡಿ ಹೊಟ್ಟೆ ಕೊಯ್ಯಬೇಕಾಗಿ ಬರುವ ಸಾಧ್ಯತೆಯೂ ಹೆಚ್ಚು. ಹಾಗೆ ಉರಿಯೂತ ಬಂದೇ ಬಿಟ್ಟರೂ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಮೊದಲ ಕೆಲವು ದಿನಗಳಲ್ಲೇ ಮಾಡಿಸಿಕೊಳ್ಳುವುದು ಬಹಳಷ್ಟು ಜನರಿಗೆ ಒಳ್ಳೆಯದು.

"ಬರೀ ಕಲ್ಲು ತೆಗೀರಿ, ಚೀಲ ಯಾಕೆ ತೆಗೀತೀರಿ?" ಎಲ್ಲರೂ ಕೇಳುವ ಪ್ರಶ್ನೆ. ಹಾಲು ಒಡೆದು ಹುಳಿ ಹಿಡಿದ ಗಡಿಗೆಗೆ ಹೊಸ ಹಾಲು ಹಾಕಿದರೆ ಏನಾಗುತ್ತದೆ ಎಂದು ನಾನು ಕೇಳುತ್ತಿದ್ದೆ. ಹಸು ಸಾಕಿದವರಿಗೆ ಇನ್ನೇನೂ ಹೇಳಬೇಕಾಗುತ್ತಿರಲಿಲ್ಲ. ಕಲ್ಲು ಕಟ್ಟಿದ ಚೀಲ ಮತ್ತೆ ಕಟ್ಟುತ್ತದೆ. ಚೀಲವಿಲ್ಲದಿದ್ದರೆ ಪಿತ್ತರಸ ಲಿವರಿನಿಂದ ಹನಿಹನಿಯಾಗಿ ನೇರ ಕರುಳಿಗೆ ಬರುತ್ತದೆ, ಊಟ ಜೀರ್ಣವಾಗುತ್ತದೆ.

ಲ್ಯಾಪರೋಸ್ಕೋಪಿ ಹೊಸ ಪ್ರಯೋಗವೇನಲ್ಲ. ಜರ್ಮನಿಯಲ್ಲಿ 1985ರಲ್ಲಿ ಮೊದಲು ಪಿತ್ತಕೋಶವನ್ನು ಹೀಗೆ ತೆಗೆದರು, ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಮಾಡಿದರು. ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ಒಂದೆರಡು ದಿನ ಆಸ್ಪತ್ರೆ. ನಾಳದಲ್ಲಿ ಕಲ್ಲಿದ್ದರೆ ಬಹುತೇಕ ಮೊದಲು ಇಆರ್‌ಸಿಪಿ ಮಾಡುತ್ತಾರೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿ ಬಿಡಿಸಿ ಕಲ್ಲು ತೆಗೆಯುವುದು. ಅಕ್ಕನಿಗೆ ಇದನ್ನು ಬೆಂಗಳೂರಿನಲ್ಲಿ ಮಾಡಿದರು, ಚೀಲವನ್ನು ಆಮೇಲೆ ತೆಗೆದರು. ಆಪರೇಷನ್ನಿನಲ್ಲಿ ಮುಖ್ಯ ನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಹಾಗೇನಾದರೂ ಆದರೆ ದೊಡ್ಡ ತೊಂದರೆ. ಈ ಆಪರೇಷನ್ ಮೇಲಿಂದ ಮೇಲೆ ಮಾಡುವ ಸರ್ಜನ್ ಹತ್ತಿರ ಹೋಗಿ.

ಬಾಳೆದಿಂಡು, ಆಲಿವ್ ಎಣ್ಣೆ, ಬೋರ್ ನೀರು

ಬಾಳೆದಿಂಡಿನ ರಸ, ಹುರುಳಿಕಟ್ಟು ಕುಡಿದರೆ ಕಲ್ಲು ಹೋಗುತ್ತದೆ ಎಂಬ ಮಾತು ಮೂತ್ರಪಿಂಡದ ಕಲ್ಲಿನ ಬಗ್ಗೆ ಹುಟ್ಟಿದ್ದು. ಪಿತ್ತಕೋಶದ ಕಲ್ಲು ಬೇರೆ ವಸ್ತು, ಅದಕ್ಕೆ ಉಚ್ಚೆಯಲ್ಲಿ ಹೋಗುವ ದಾರಿಯೇ ಇಲ್ಲ. ಆಲಿವ್ ಎಣ್ಣೆ ನಿಂಬೆರಸ ಕುಡಿದರೆ ಮಾರನೆಯ ದಿನ ಹಸಿರು ಕಲ್ಲುಗಳು ಬರುತ್ತವೆ ಎಂಬ ವಿಡಿಯೋ ಎಲ್ಲರ ಫೋನಿನಲ್ಲೂ ಇದೆ. ಬರುವುದು ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳು. ಅಷ್ಟೊಂದು ಎಣ್ಣೆ ಒಮ್ಮೆಗೇ ಕುಡಿದರೆ ಚೀಲ ಜೋರಾಗಿ ಹಿಂಡಿ ಕಲ್ಲು ನಾಳಕ್ಕೆ ಜಾರುವ ಅಪಾಯ ಇದೆ. ಕಲ್ಲು ಕರಗಿಸಲು ಡಾಕ್ಟರು ಬರೆಯುವ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಸಣ್ಣ ಕೊಲೆಸ್ಟರಾಲ್ ಕಲ್ಲಿನ ಕೆಲವರಿಗೆ ಮಾತ್ರ ಕೆಲಸ ಮಾಡುತ್ತದೆ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದರೆ ಕಲ್ಲು ಮತ್ತೆ ಬರಬಹುದು.

ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ. ಅದಕ್ಕೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ. ಪಿತ್ತಕೋಶದ ಕಲ್ಲು ಮಾತ್ರ ಗಡಸು ನೀರಿನ ಸುಣ್ಣದಿಂದ ಕಟ್ಟಿದ್ದಲ್ಲ.

ದುಡ್ಡು, ಕಾಗದ

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್ ಅಲ್ಲದವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಖಾಸಗಿಗೆ ಹೋಗುವುದು ಕ್ರಮ. ತುರ್ತಿನಲ್ಲಿ ಚೀಟಿಗಾಗಿ ಓಡಾಡುತ್ತಾ ಹೊತ್ತು ಕಳೆಯಬೇಡಿ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಿ ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ.

ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಥರದ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಆಪರೇಷನ್ನಿಗೆ ಮೊದಲು ಹೇಳಲೇಬೇಕು. ನೀವಾಗಿ ನಿಲ್ಲಿಸಬೇಡಿ.

ಮನೆಗೆ ಬಂದ ಮೇಲೆ

ಬಲ ಹೆಗಲು ಎರಡು ಮೂರು ದಿನ ನೋಯುತ್ತದೆ. ಹೊಟ್ಟೆ ಉಬ್ಬಿಸಲು ಹಾಕಿದ ಗ್ಯಾಸಿನದು, ಹೆದರಬೇಡಿ, ಓಡಾಡಿದರೆ ಹೋಗುತ್ತದೆ. ಹಗುರ ಕೆಲಸ ಒಂದು ವಾರಕ್ಕೆ ಮಾಡಬಹುದು. ಹುಲ್ಲಿನ ಹೊರೆ, ಹಾಲಿನ ಕ್ಯಾನು, ನೀರಿನ ಬಿಂದಿಗೆ ಎತ್ತುವುದು ಡಾಕ್ಟರು ಹೇಳಿದ ಮೇಲೆಯೇ. ಮುದ್ದೆ, ಅನ್ನ, ಸೊಪ್ಪಿನ ಸಾರು, ಮಜ್ಜಿಗೆ ಮೊದಲಿಂದಲೇ ತಿನ್ನಬಹುದು. ಕೆಲವರಿಗೆ ಕೆಲವು ವಾರ ಮಲ ತೆಳ್ಳಗಾಗುತ್ತದೆ, ಎಣ್ಣೆ ಪದಾರ್ಥ ಸ್ವಲ್ಪ ಸ್ವಲ್ಪವಾಗಿ ಸೇರಿಸಿಕೊಳ್ಳಿ. ಜೀವನಪೂರ್ತಿ ಪಥ್ಯ ಇಲ್ಲ.

ಜ್ವರ, ದಿನದಿಂದ ದಿನಕ್ಕೆ ಏರುವ ನೋವು, ನಿಲ್ಲದ ವಾಂತಿ, ಕಣ್ಣು ಹಳದಿ, ತೂತಿನಿಂದ ಹಸಿರು ಅಥವಾ ಹಳದಿ ನೀರು ಒಸರುವುದು, ಇವುಗಳಲ್ಲಿ ಒಂದಾದರೂ ಕಂಡರೆ ಫೋನಿನಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಹೋಗಿ ತೋರಿಸಿ.

ಥಿಯೇಟರಿನಿಂದ ಹೊರಗೆ ಬಂದ ಡಾಕ್ಟರು ಸಣ್ಣ ಡಬ್ಬಿಯಲ್ಲಿ ಕಲ್ಲುಗಳನ್ನು ತೋರಿಸುತ್ತಾರೆ. ಅಕ್ಕನವು ಹನ್ನೊಂದಿದ್ದವು. ಕೆಲವು ಕರಿಮೆಣಸಿನಷ್ಟು, ಒಂದು ಒಣಗಿದ ಅವರೆಕಾಳಿನಷ್ಟು, ಹಸಿರು ಕಪ್ಪು ಬಣ್ಣ. ಭಾವ ಆ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಅಲುಗಾಡಿಸುತ್ತಾ ನಿಂತಿದ್ದರು. ಮನೆಯವರೆಲ್ಲ ಆ ಕಲ್ಲುಗಳನ್ನು ನೋಡಿ ನಿಟ್ಟುಸಿರು ಬಿಟ್ಟು, ಚೀಲವನ್ನು ಮರೆತುಬಿಡುತ್ತಾರೆ. ತೆಗೆದ ಚೀಲವನ್ನು ಬಯಾಪ್ಸಿಗೆ ಕಳಿಸಿದ್ದಾರೆಯೇ ಎಂದು ಕೇಳಿ. ಅಪರೂಪಕ್ಕೆ ಒಬ್ಬರಲ್ಲಿ, ಸ್ಕ್ಯಾನಿನಲ್ಲಿ ಕಾಣದ ಕ್ಯಾನ್ಸರ್ ಅದರಲ್ಲಿ ಸಿಗುತ್ತದೆ. ಹೊಲಿಗೆ ತೋರಿಸಲು ಹೋದ ದಿನವೇ ಆ ವರದಿಯನ್ನು ಕೇಳಿ ಪಡೆದು, ಡಾಕ್ಟರಿಂದ ಓದಿಸಿ, ಸ್ಕ್ಯಾನಿನ ವರದಿಯ ಜೊತೆಗೆ ಒಂದೇ ಕವರಿನಲ್ಲಿಡಿ. ಆ ವರದಿ ಬಾರದೆ ಫೈಲು ಮುಚ್ಚಬೇಡಿ.